ಜೊಂಡಿನಂಥ ಅಲಂಕಾರಿಕ ಗಿಡಗಳು: ನೆಡೋ ಮುಂಚೆ ಗೋಡೆ ಕಟ್ಟಿ



ಹೋದ ತಿಂಗಳು ಪಕ್ಕದೂರಿನ ಹುಡುಗನೊಬ್ಬ ವಾಟ್ಸಾಪ್‌ನಲ್ಲಿ ಒಂದು ಫೋಟೊ ಕಳಿಸಿದ್ದ. ಯಾವುದೋ ರೆಸಾರ್ಟ್ ಮುಂದೆ ಉದ್ದುದ್ದ ಹಸಿರು ಕಡ್ಡಿಗಳು ಸಾಲಾಗಿ ನಿಂತಿವೆ, ಒಂದೊಂದರ ತುದೀಲೂ ಛತ್ರಿ ಬಿಚ್ಚಿದ ಹಾಗೆ ಎಲೆ. "ಅಣ್ಣ, ಇದನ್ನ ನಮ್ಮ ಕೃಷಿ ಹೊಂಡದ ಸುತ್ತ ಹಾಕಿದ್ರೆ ಚೆನ್ನಾಗಿರುತ್ತೆ ಅಲ್ವಾ?" ಅಂತ ಕೇಳಿದ್ದ. "ಹೊಂಡದ ಹತ್ರ ಮಾತ್ರ ಬೇಡ ಕಣಪ್ಪ, ಸಂಜೆ ಫೋನ್ ಮಾಡ್ತೀನಿ" ಅಂತ ಉತ್ತರ ಬರೆದೆ. ಅವತ್ತು ಸಂಜೆ ಅರ್ಧ ಗಂಟೆ ಮಾತಾಡಿದ್ದನ್ನೇ ಈ ವಾರ ನಿಮಗೂ ಬರೀತಿದ್ದೀನಿ.

ಜೊಂಡಿನಂಥ ಗಿಡಗಳನ್ನ ಬೆಳೆಸೋದು ಬಹಳ ಸುಲಭ. ನೀರು, ಬಿಸಿಲು ಇದ್ರೆ ಅವು ತಾವಾಗೇ ಬೆಳೀತವೆ. ಕಷ್ಟ ಇರೋದು ಅವನ್ನ ಒಂದು ಕಡೆ ನಿಲ್ಲಿಸೋದರಲ್ಲಿ. ಇದನ್ನ ನಾನು ಕಾಲೇಜಿನಲ್ಲಿ ಕಲಿಯಲಿಲ್ಲ, ನಮ್ಮ ಹೊಂಡ ಬತ್ತಿಸಿಕೊಂಡು ಕಲಿತೆ.

ನಮ್ಮ ಹೊಂಡದ ಕಥೆ

ತೋಟಗಾರಿಕೆ ಪದವಿ ಮುಗಿಸಿ, ಕೆಲಸ ಬಿಟ್ಟು ಊರಿಗೆ ಬಂದ ಹೊಸತು. ನಮ್ಮದು ತುಮಕೂರು ಕಡೆ ಒಣ ಸೀಮೆ. ಬೋರ್‌ವೆಲ್ ನಂಬೋ ಹಾಗಿಲ್ಲ ಅಂತ ಮಳೆ ನೀರು ಹಿಡಿಯೋಕೆ ಹೊಂಡ ತೆಗೆಸಿ, ಪ್ಲಾಸ್ಟಿಕ್ ಹಾಳೆ ಹೊದಿಸಿದ್ವಿ. ಆ ಕಪ್ಪು ಹಾಳೆ ನೋಡೋಕೆ ಬೋಳುಬೋಳಾಗಿತ್ತು. ನನಗೋ ಓದಿದ ಹುಮ್ಮಸ್ಸು. ಊರ ಕೆರೆಯಿಂದ ನಾಲ್ಕು ಬುಡ ಜೊಂಡು ಕಿತ್ತು ತಂದು, ಗೋಣಿಚೀಲಕ್ಕೆ ಮಣ್ಣು ತುಂಬಿ, ಅದರಲ್ಲಿ ನೆಟ್ಟು ಹೊಂಡದ ಅಂಚಲ್ಲಿ ಇಟ್ಟೆ. ಕಂದು ಬಣ್ಣದ ಕಂಬಿ ಥರ ಹೂಗೊಂಚಲು ಬಿಟ್ಟಾಗ ಫೋಟೊ ತೆಗೆದು ಸ್ಟೇಟಸ್‌ಗೂ ಹಾಕಿದ್ದೆ.

ಗೋಣಿಚೀಲ ಒಂದು ಮಳೆಗಾಲಕ್ಕೆ ಕೊಳೆತು ಹೋಯ್ತು. ಎರಡನೇ ಮಳೆಗಾಲ ಮುಗಿಯೋ ಹೊತ್ತಿಗೆ ನಾಲ್ಕು ಬುಡ ಹೊಂಡದ ಒಂದಿಡೀ ಬದಿ ಆವರಿಸಿತ್ತು. ಮೊದಲು ಜನವರಿ ಕೊನೇಲಿ ಅರ್ಧ ಹೊಂಡ ನೀರು ಉಳೀತಿತ್ತು. ಆ ವರ್ಷ ತಳ ಕಾಣ್ತು. ಇಳಿದು ನೋಡಿದ್ರೆ ಜೊಂಡಿನ ಬೇರುಗಡ್ಡೆಯ ಚೂಪು ಮೊಳಕೆ ಹಾಳೆ ಮಡಿಕೆ ಬಿದ್ದಿದ್ದ ಕಡೆ ತೂತು ಮಾಡಿ ಕೆಳಗೆ ಹೋಗಿತ್ತು. ಒಂದು ಕಡೆ ಅಲ್ಲ, ಎಣಿಸಿದ್ದು ಹನ್ನೊಂದು ಕಡೆ.

ಅರ್ಧ ಎಕರೆ ಬೀನ್ಸ್ ಹೂ ಬಿಡೋ ಹೊತ್ತು ಅದು. ಅಪ್ಪ ಎಂಟು ದಿನ ಪಕ್ಕದ ತೋಟದಿಂದ ಡ್ರಮ್‌ನಲ್ಲಿ ನೀರು ಹೊಡೆದ್ರು. ಅರ್ಧ ಬೆಳೆ ಉಳೀತು, ಅರ್ಧ ಒಣಗಿತು. ಬೈಯಲಿಲ್ಲ. ಒಂದು ದಿನ ಬದುವಿನ ಮೇಲೆ ಕೂತು, "ಕೆರೆಯಿಂದ ಜೊಂಡು ಕಿತ್ತು ಆಚೆ ಎಸೆಯೋರನ್ನ ನೋಡಿದ್ದೆ, ಮನೆಗೆ ತರೋರನ್ನ ನೋಡಿದ್ದು ನಿನ್ನನ್ನೇ" ಅಂದ್ರು. ಅಷ್ಟೇ.

ಅದಾದ ಮೇಲೆ ನಾನು ಈ ಗಿಡಗಳನ್ನ ಬಿಟ್ಟಿಲ್ಲ. ಈಗಲೂ ನಮ್ಮ ಮನೆ ಮುಂದೆ, ಬಚ್ಚಲ ಹಿಂದೆ ಇವೆ. ಆದ್ರೆ ಮೊದಲು ಗೋಡೆ, ಆಮೇಲೆ ಗಿಡ.

ಯಾವುದು ಏನು? ಕಡ್ಡಿ ಕತ್ತರಿಸಿ ನೋಡಿ

ಮೊಬೈಲಲ್ಲಿ ಫೋಟೊ ತೆಗೆದು ಗಿಡ ಗುರುತಿಸೋ ಆ್ಯಪ್‌ಗಳು ಇಂಥ ಗಿಡಗಳಲ್ಲಿ ಆಗಾಗ ಎಡವುತ್ತವೆ, ಯಾಕಂದ್ರೆ ಎಲ್ಲಾ ಉದ್ದ ಹಸಿರು ಕಡ್ಡಿಗಳೇ. ಒಂದು ಕಡ್ಡಿ ಅಡ್ಡ ಕತ್ತರಿಸಿ ನೋಡಿದ್ರೆ ಬೇಗ ಗೊತ್ತಾಗುತ್ತೆ.

* ಗಿಣ್ಣು ಇದ್ದು, ಗಿಣ್ಣುಗಳ ನಡುವೆ ಒಳಗೆ ಪೊಳ್ಳು ಇದ್ರೆ ಅದು ಸಾಮಾನ್ಯವಾಗಿ ಹುಲ್ಲಿನ ಜಾತಿ. ಬಿದಿರು, ಅರುಂಡೊ ಈ ಗುಂಪು.
* ಗಿಣ್ಣಿಲ್ಲ, ಒಳಗೆ ಬೆಂಡು ತುಂಬಿದೆ, ಬೆರಳಲ್ಲಿ ಉರುಳಿಸಿದ್ರೆ ಮೂಲೆ ಸಿಗುತ್ತೆ ಅಂದ್ರೆ ಕೊನ್ನಾರಿ ಗಡ್ಡೆಯ ಕುಟುಂಬ. ಛತ್ರಿ ಗಿಡ, ಪಪೈರಸ್ ಇಲ್ಲಿಗೆ ಸೇರ್ತವೆ.
* ಬುಡದಿಂದಲೇ ಪಟ್ಟಿಯಂಥ ಎಲೆ ಎದ್ದಿದೆ, ಕತ್ತರಿಸಿದ್ರೆ ಸ್ಪಂಜಿನ ಹಾಗೆ ಗಾಳಿಗೂಡು ಕಾಣುತ್ತೆ ಅಂದ್ರೆ ಜೊಂಡು. ಕೆಲವು ಕಡೆ ಆಪು, ಜಂಬು ಹುಲ್ಲು ಅಂತಾರೆ. ಸಸ್ಯಶಾಸ್ತ್ರದ ಹೆಸರು ಟೈಫಾ.
* ಎಲೆಯೇ ಇಲ್ಲ, ಬರೀ ಗಿಣ್ಣುಗಿಣ್ಣಿನ ಹಸಿರು ಕೊಳವೆ, ಮುಟ್ಟಿದ್ರೆ ಉಪ್ಪುಕಾಗದದ ಹಾಗೆ ತರಿತರಿ ಅಂದ್ರೆ ಹಾರ್ಸ್‌ಟೇಲ್. ಇದು ಹೂ ಬಿಡೋ ಗಿಡವೇ ಅಲ್ಲ, ಜರೀಗಿಡಗಳ ನೆಂಟ.

ಯಾವುದನ್ನ ಆರಿಸಬೇಕು?

ಛತ್ರಿ ಗಿಡ. ನರ್ಸರಿಯಲ್ಲಿ ಅಂಬ್ರೆಲಾ ಪಾಮ್ ಅಂತ ಕೊಡ್ತಾರೆ, ಆದ್ರೆ ಇದು ಪಾಮ್ ಅಲ್ಲ. ಸೈಪರಸ್ ಆಲ್ಟರ್ನಿಫೋಲಿಯಸ್. ಮೂಲ ಆಫ್ರಿಕಾ, ಮಡಗಾಸ್ಕರ್ ಕಡೆ. 3ರಿಂದ 5 ಅಡಿ ಎತ್ತರ. ಅರ್ಧ ನೆರಳಲ್ಲೂ ಬರುತ್ತೆ, ಪೂರ್ತಿ ಬಿಸಿಲಲ್ಲೂ ಬರುತ್ತೆ. ಮೊದಲ ಸಲ ಬೆಳೆಸೋರಿಗೆ ನಾನು ಹೇಳೋದು ಇದನ್ನೇ.

ಪಪೈರಸ್. ನೈಲ್ ನದಿ ದಡದ ಗಿಡ. ಪ್ರಾಚೀನ ಈಜಿಪ್ಟಿನವರು ಇದರ ಕಾಂಡದ ಬೆಂಡು ಸೀಳಿ ಬರೆಯೋ ಹಾಳೆ ಮಾಡ್ತಿದ್ರು, ಪೇಪರ್ ಅನ್ನೋ ಪದ ಬಂದದ್ದು ಇದರಿಂದಲೇ. 8 ಅಡಿಗಿಂತ ಎತ್ತರ ಹೋಗುತ್ತೆ, ತುದೀಲಿ ಕೂದಲಿನಂಥ ಹಸಿರು ಕುಚ್ಚು. ಜೋರು ಗಾಳಿಗೆ ಮುರಿಯುತ್ತೆ, ಆದ್ದರಿಂದ ಗೋಡೆ ಮರೆಯಲ್ಲಿ ಇಡಿ. ಜಾಗ ಕಡಿಮೆ ಇದ್ರೆ 2-3 ಅಡಿಯ ಗಿಡ್ಡ ಪಪೈರಸ್ ಸಿಗುತ್ತೆ.

ಹಾರ್ಸ್‌ಟೇಲ್. ಬೆಂಗಳೂರಿನ ಆಫೀಸು, ಅಪಾರ್ಟ್‌ಮೆಂಟ್ ಮುಂದೆ ಉದ್ದ ಸಿಮೆಂಟ್ ತೊಟ್ಟಿಯಲ್ಲಿ ಕಾಣೋ ಗಿಡ. ಅಚ್ಚುಕಟ್ಟಾಗಿ ನೇರ ನಿಲ್ಲುತ್ತೆ. ಆದ್ರೆ ದನ, ಕುದುರೆ ಹೆಚ್ಚು ತಿಂದ್ರೆ ವಿಷ. ಒಣಗಿದ ಮೇಲೂ ವಿಷ ಹೋಗಲ್ಲ. ಕೊಟ್ಟಿಗೆ ಇರೋ ಮನೆಯೋರು ಇದನ್ನ ಬಿಡೋದೇ ಒಳ್ಳೇದು, ಕತ್ತರಿಸಿದ್ದು ಮೇವಿನ ಜೊತೆ ಸೇರಿಬಿಡುತ್ತೆ.

ಅರುಂಡೊ. ಹಸಿರು-ಬಿಳಿ ಪಟ್ಟೆಯ ಎತ್ತರದ ಹುಲ್ಲು. ಕ್ಲಾರಿನೆಟ್ ವಾದ್ಯದ ಪೀಪಿ ಮಾಡೋದು ಇದರ ಕಡ್ಡಿಯಿಂದಲೇ. ನೋಡೋಕೆ ಚೆಂದ, ಆದ್ರೆ ಜಗತ್ತಿನ 100 ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಇದರ ಹೆಸರಿದೆ. ಹಳ್ಳ, ಕಾಲುವೆ ಹತ್ತಿರದ ಜಮೀನಿನೋರು ತರಲೇಬೇಡಿ.

ಜೊಂಡು. ಕೆರೆಯಲ್ಲೇ ಇರಲಿ. ಒಂದು ಹೂಗೊಂಚಲಲ್ಲಿ ಲಕ್ಷಕ್ಕೂ ಹೆಚ್ಚು ಬೀಜ, ಅರಳೆಯ ಹಾಗೆ ಗಾಳೀಲಿ ಹಾರುತ್ತೆ. ಕೆರೆಯಲ್ಲಿ ಅದಕ್ಕೊಂದು ಕೆಲಸ ಇದೆ, ನೀರುಕೋಳಿ ಗೂಡು ಕಟ್ಟೋದು ಅದರ ಮರೆಯಲ್ಲಿ. ನಮ್ಮ ಅಂಗಳದಲ್ಲಿ ಅದಕ್ಕೆ ಕೆಲಸ ಇಲ್ಲ.

ನೆಡೋದು ಹೇಗೆ?

1. ಪಾತ್ರೆ. ತಳದಲ್ಲಿ ತೂತಿಲ್ಲದ, ಗಟ್ಟಿ ಗೋಡೆಯ ಪಾತ್ರೆ ಬೇಕು. ನಮ್ಮ ಮನೇಲಿ ಕಲಗಚ್ಚಿನ ಹಳೇ ಕಲ್ಲುಬಾನಿ ಮೂಲೆ ಸೇರಿತ್ತು, ಅದನ್ನೇ ಬಳಸಿದ್ದೀನಿ. ಸಿಮೆಂಟ್ ತೊಟ್ಟಿ ಆದೀತು. 200 ಲೀಟರ್ ಡ್ರಮ್ ಅಡ್ಡ ಕತ್ತರಿಸಿದ್ರೆ ಎರಡು ತೊಟ್ಟಿ ಆಗುತ್ತೆ, ಕೆಮಿಕಲ್ ತುಂಬಿದ್ದ ಡ್ರಮ್ ಮಾತ್ರ ಬೇಡ. ಗೋಣಿಚೀಲ, ತೆಳು ಪ್ಲಾಸ್ಟಿಕ್ ಕವರ್, ಬಿರುಕು ಬಿಟ್ಟ ಕುಂಡ ಯಾವುದೂ ಆಗಲ್ಲ.

2. ಮಣ್ಣು. ಎರಡು ಪಾಲು ಕೆರೆ ಗೋಡು ಅಥವಾ ಜೇಡಿ ಕಲೆತ ಮಣ್ಣು, ಒಂದು ಪಾಲು ಮರಳು, ಎರಡು ಹಿಡಿ ಎರೆಗೊಬ್ಬರ. ಕೆರೆ ಗೋಡು ತಂದ್ರೆ ಬಿಸಿಲಲ್ಲಿ ಹರಡಿ ಒಣಗಿಸಿ, ಜರಡಿ ಹಿಡೀರಿ. ಅದರಲ್ಲಿ ಕೊನ್ನಾರಿ ಗಡ್ಡೆ, ಜೊಂಡಿನ ತುಂಡು ಅಡಗಿರುತ್ತೆ. ತೆಂಗಿನ ನಾರಿನ ಪುಡಿ ಬೇಡ, ನೀರು ಹಾಕಿದ ಕೂಡಲೇ ತೇಲುತ್ತೆ.

3. ನಾಟಿ. ಬುಡ ಮಣ್ಣಿನ ಮಟ್ಟಕ್ಕೇ ಇರಲಿ, ಹೂಳಬೇಡಿ. ಮೇಲೆ ಒಂದು ಇಂಚು ಬೇಬಿ ಜೆಲ್ಲಿ ಹರಡಿ. ಮಣ್ಣು ಕದಡಲ್ಲ, ನೀರು ತಿಳಿಯಾಗಿರುತ್ತೆ.

4. ನೀರು. ಮೊದಲ 15 ದಿನ ಮಣ್ಣು ಹಸಿಯಾಗಿದ್ರೆ ಸಾಕು. ಚಿಗುರು ಬಂದ ಮೇಲೆ 2-3 ಇಂಚು ನೀರು ನಿಲ್ಲಿಸಿ. ಹಾರ್ಸ್‌ಟೇಲ್‌ಗೆ ನೀರು ನಿಲ್ಲಲೇಬೇಕು ಅಂತಿಲ್ಲ, ತೇವ ಆರದಿದ್ರೆ ಸಾಕು.

5. ಸೊಳ್ಳೆ. ನಿಂತ ನೀರು ಅಂದ್ರೆ ಸೊಳ್ಳೆ, ಡೆಂಗಿ ಭಯ. ನಾಲ್ಕೈದು ಗಪ್ಪಿ ಮೀನು ಬಿಡಿ, ಮರಿಹುಳ ತಿಂದು ಹಾಕ್ತವೆ. ಮೀನು ಬೇಡ ಅಂದ್ರೆ ನೀರಿನ ಮಟ್ಟಕ್ಕಿಂತ ಮೇಲೆ ಬರೋ ಹಾಗೆ ಜೆಲ್ಲಿ ತುಂಬಿ, ನೀರು ಕಣ್ಣಿಗೇ ಕಾಣಬಾರದು.

ಜೂನ್-ಜುಲೈ ನೆಡೋಕೆ ಒಳ್ಳೇ ಕಾಲ. ನೀರಿನ ಅನುಕೂಲ ಇದ್ರೆ ಫೆಬ್ರವರಿಯಲ್ಲೂ ನೆಡಬಹುದು.

ಒಂದು ಗಿಡದಿಂದ ಇಪ್ಪತ್ತು ಗಿಡ

ಛತ್ರಿ ಗಿಡ ಕೊಳ್ಳೋದಾದ್ರೆ ಒಂದೇ ಕೊಳ್ಳಿ. ಉಳಿದದ್ದು ನೀವೇ ಮಾಡ್ಕೋಬಹುದು.

ಚೆನ್ನಾಗಿ ಬಲಿತ, ಆದರೆ ಹಳದಿಯಾಗದ ಛತ್ರಿ ಒಂದನ್ನ 2-3 ಇಂಚು ಕಡ್ಡಿ ಸಮೇತ ಕತ್ತರಿಸಿ. ಎಲೆಗಳನ್ನ ಅರ್ಧಕ್ಕೆ ಕತ್ತರಿಸಿ ಚಿಕ್ಕದು ಮಾಡಿ. ಈಗ ಅದನ್ನ ತಲೆಕೆಳಗು ಮಾಡಿ, ಛತ್ರಿ ನೀರೊಳಗೆ, ಕಡ್ಡಿ ಮೇಲೆ ಬರೋ ಹಾಗೆ ಲೋಟದಲ್ಲಿಡಿ. ನೆರಳಲ್ಲಿರಲಿ, ಮೂರು ದಿನಕ್ಕೊಮ್ಮೆ ನೀರು ಬದಲಿಸಿ. ಎರಡು ಮೂರು ವಾರದಲ್ಲಿ ಎಲೆಗಳು ಸೇರೋ ನಡು ಜಾಗದಿಂದ ಬಿಳಿ ಬೇರು, ಸಣ್ಣ ಚಿಗುರು ಎರಡೂ ಬರ್ತವೆ. ಚಿಗುರು ಬೆರಳುದ್ದ ಆದಾಗ ಕುಂಡಕ್ಕೆ ದಾಟಿಸಿ.

ತಲೆಕೆಳಗು ಯಾಕೆ? ಕಾಡಿನಲ್ಲಿ ಈ ಗಿಡ ಮಾಡೋದೇ ಹಾಗೆ. ಬಲಿತ ಕಡ್ಡಿ ಬಾಗಿ, ಛತ್ರಿ ನೀರು ಮುಟ್ಟಿದ್ರೆ ಅಲ್ಲೇ ಹೊಸ ಗಿಡ ಹುಟ್ಟುತ್ತೆ. ನಾವು ಅದನ್ನ ಲೋಟದಲ್ಲಿ ಮಾಡ್ತೀವಿ ಅಷ್ಟೇ. ಪಪೈರಸ್‌ಗೆ ಇದು ಅಷ್ಟು ನೆಚ್ಚಿಕೆಯಲ್ಲ. ಅದಕ್ಕೆ ಬುಡ ಒಡೆದು, ಮೂರು ನಾಲ್ಕು ಕಡ್ಡಿ ಇರೋ ತುಂಡು ಮಾಡಿ ನೆಡೋದೇ ಸರಿ.

ಬಚ್ಚಲ ನೀರಿಗೆ ಜೊಂಡಿನ ತೊಟ್ಟಿ

ಅಂಗಳಕ್ಕೆ ಚೆಂದ ಅನ್ನೋದರ ಆಚೆಗೂ ಇವಕ್ಕೆ ಒಂದು ಗುಣ ಇದೆ. ಕೆಸರಿನಲ್ಲಿ ಗಾಳಿ ಇರಲ್ಲ. ಅಲ್ಲಿ ಬದುಕೋಕೆ ಈ ಗಿಡಗಳ ಕಾಂಡದೊಳಗೆ ಗಾಳಿ ಇಳಿಯೋ ದಾರಿಗಳಿವೆ. ಎಲೆಯಿಂದ ಬೇರಿಗೆ ಇಳಿದ ಆಮ್ಲಜನಕ ಸ್ವಲ್ಪ ಬೇರಿನ ಸುತ್ತಲೂ ಸೋರುತ್ತೆ. ಅಲ್ಲಿ, ಜಲ್ಲಿಯ ಮೈಮೇಲೆ ಬ್ಯಾಕ್ಟೀರಿಯಾ ಕೂತು ನೀರಿನ ಕೊಳೆಯನ್ನ ಕರಗಿಸ್ತವೆ. ಕರಗಿದ ಸಾರ ಗಿಡಕ್ಕೆ ಗೊಬ್ಬರ. 1950ರ ದಶಕದಲ್ಲಿ ಜರ್ಮನಿಯ ವಿಜ್ಞಾನಿ ಕೇಟೆ ಸೈಡೆಲ್ ಜೊಂಡಿನಂಥ ಗಿಡಗಳಿಂದ ಕೊಳೆನೀರು ಶುದ್ಧ ಮಾಡೋ ಪ್ರಯೋಗ ಶುರು ಮಾಡಿದ್ರು. ನಮ್ಮಲ್ಲಿ ನಾಗಪುರದ ನೀರಿ ಸಂಸ್ಥೆಯ ಫೈಟೊರಿಡ್ ವಿಧಾನವೂ ಇದೇ ತತ್ವದ್ದು.

ಹೊಂಡ ಬತ್ತಿದ ವರ್ಷವೇ ನಾನು ಬಚ್ಚಲ ಹಿಂದೆ ತೊಟ್ಟಿ ಕಟ್ಟಿದೆ. ನೀರು ಕಳೆದ ಗಿಡದ ನೆಂಟರಿಂದಲೇ ನೀರು ವಾಪಸ್ ಪಡೆಯೋ ಹಟ ಅಂತಲೇ ಇಟ್ಕೊಳ್ಳಿ. ಲೆಕ್ಕ ಹೀಗೆ:

* ಮನೆಯಲ್ಲಿ 5 ಜನ. ಸ್ನಾನ, ಪಾತ್ರೆ, ಬಟ್ಟೆ ಸೇರಿ ದಿನಕ್ಕೆ ಸುಮಾರು 300 ಲೀಟರ್.
* ತೊಟ್ಟಿ 12 ಅಡಿ ಉದ್ದ, 4 ಅಡಿ ಅಗಲ, 2 ಅಡಿ ಆಳ. ಅಂದಾಜು ಒಬ್ಬರಿಗೆ ಒಂದು ಚದರ ಮೀಟರ್ ಬೀಳುತ್ತೆ.
* ನೀರು ಮೇಲ್ಮೈಯಿಂದ 3 ಇಂಚು ಕೆಳಗೆ ನಿಲ್ಲುತ್ತೆ. ಜಲ್ಲಿ ತುಂಬಿದ ಮೇಲೆ ಸಂದಿಗಳಲ್ಲಿ ಉಳಿಯೋ ಜಾಗ ಶೇ. 40 ಅಂತ ಹಿಡಿದ್ರೆ ಸುಮಾರು 950 ಲೀಟರ್ ನೀರು ಹಿಡಿಯುತ್ತೆ. ಅಂದ್ರೆ ಇವತ್ತು ಒಳಗೆ ಹೋದ ನೀರು ಮೂರು ದಿನ ಬೇರುಗಳ ನಡುವೆ ಸಾಗಿ ಹೊರಗೆ ಬರುತ್ತೆ.

ಮೊದಲು 2 ಅಡಿ ಚೌಕದ ಒಂದು ಗುಂಡಿ. ಕೂದಲು, ಅನ್ನದ ಅಗುಳು, ಜಿಡ್ಡು ಇಲ್ಲೇ ನಿಲ್ಲಬೇಕು. ಮೇಲೆ ಚಪ್ಪಡಿ ಮುಚ್ಚಿ, 15 ದಿನಕ್ಕೊಮ್ಮೆ ಬಳಿದು ತೆಗೀರಿ. ಇದನ್ನ ಬಿಟ್ರೆ ತೊಟ್ಟಿ ಕಟ್ಟಿಕೊಂಡು ನಾತ ಬರುತ್ತೆ. ತೊಟ್ಟಿಗೆ ಪ್ಲಾಸ್ಟಿಕ್ ಹಾಳೆ ಹಾಕಿಲ್ಲ, ಪಾಠ ಕಲಿತಾಗಿದೆ! ಸೈಜುಗಲ್ಲು ಕಟ್ಟಿ ಒಳಗೆ ಸಿಮೆಂಟ್ ಗಾರೆ ಮಾಡಿಸಿದೆ. ಎರಡೂ ತುದಿಗೆ ಒಂದೊಂದು ಅಡಿ 40 ಎಂಎಂ ಜಲ್ಲಿ, ನಡುವೆ 20 ಎಂಎಂ, ಮೇಲೆ ನಾಲ್ಕು ಇಂಚು ಬೇಬಿ ಜೆಲ್ಲಿ. ಅಡಿಗೊಂದರಂತೆ ಛತ್ರಿ ಗಿಡ, ನಡುನಡುವೆ ಕಾಬಾಳೆ. ಕಾಬಾಳೆಯ ಕೆಂಪು ಹೂ ಅಮ್ಮನ ಪೂಜೆಗೂ ಆಗುತ್ತೆ.

ಹೊರಗೆ ಬರೋ ನೀರು ತಿಳಿಯಾಗಿ ಕಾಣುತ್ತೆ, ಆದ್ರೆ ಶುದ್ಧ ನೀರಲ್ಲ. ಬಾಳೆ, ತೆಂಗಿನ ಪಾತಿಗೆ ಬಿಡಿ. ಸೊಪ್ಪು, ಟೊಮೆಟೊ, ಹಸಿಯಾಗಿ ತಿನ್ನೋ ಯಾವುದಕ್ಕೂ ಬೇಡ. ಕಕ್ಕಸಿನ ನೀರು, ಆ್ಯಸಿಡ್, ಫಿನಾಯಿಲ್ ತೊಟ್ಟಿಗೆ ಹೋಗಬಾರದು, ಬ್ಯಾಕ್ಟೀರಿಯಾ ಸಾಯ್ತವೆ. ನಮ್ಮ ಹನ್ನೆರಡು ಬಾಳೆ ಬುಡ ಬೇಸಿಗೆ ದಾಟಿದ್ದು ಈ ನೀರಲ್ಲೇ.

ವರ್ಷದ ಆರೈಕೆ

ತಿಂಗಳಿಗೊಮ್ಮೆ ಹಳದಿ ಕಡ್ಡಿಗಳನ್ನ ಬುಡಕ್ಕೇ ಕತ್ತರಿಸಿ. ಕುಂಡದ ಗಿಡಕ್ಕೆ ಎರಡು ತಿಂಗಳಿಗೊಮ್ಮೆ ಒಂದು ಹಿಡಿ ಎರೆಗೊಬ್ಬರ ಸಾಕು, ಹೆಚ್ಚಾದ್ರೆ ಕಡ್ಡಿ ಮೆತ್ತಗಾಗಿ ಬೀಳುತ್ತೆ. ಬಚ್ಚಲ ತೊಟ್ಟಿಗೆ ಗೊಬ್ಬರವೇ ಬೇಡ.

ಎಲೆ ತುದಿ ಕಂದು ಆದ್ರೆ ನೀರು ಕಡಿಮೆ ಆಗಿದೆ, ಇಲ್ಲವೇ ಬೋರ್ ನೀರಿನ ಉಪ್ಪು ಕೂತಿದೆ ಅಂತ ತಿಳೀರಿ. ಒಂದು ಸಲ ನೀರು ಪೂರ್ತಿ ಚೆಲ್ಲಿ ಮಳೆ ನೀರು ತುಂಬಿ. ಬಿಳಿ ಹಿಟ್ಟು ತಿಗಣೆ ಕಂಡ್ರೆ ಪೈಪಿನಿಂದ ಜೋರಾಗಿ ನೀರು ಹೊಡೆದು ತೊಳೀರಿ, ಹೋಗದಿದ್ರೆ ಬೇವಿನೆಣ್ಣೆ ಸಿಂಪಡಿಸಿ. ಮೀನು ಇರೋ ತೊಟ್ಟಿಗೆ ಸಿಂಪಡಿಸೋ ಮುಂಚೆ ನೀರಿನ ಮೇಲೆ ಹಾಳೆ ಮುಚ್ಚಿ.

ಕತ್ತರಿಸಿದ ಛತ್ರಿಗಳನ್ನ ಹಸಿಯಾಗಿ ತೋಟಕ್ಕೆ ಎಸೀಬೇಡಿ. ಒದ್ದೆ ಜಾಗ ಸಿಕ್ಕಿದ್ರೆ ಅಲ್ಲೇ ಬೇರು ಬಿಡ್ತವೆ. ಒಂದು ವಾರ ಬಂಡೆ ಮೇಲೋ ತಾರಸಿ ಮೇಲೋ ಒಣಗಿಸಿ, ಆಮೇಲೆ ತೆಂಗಿನ ಬುಡಕ್ಕೆ ಮುಚ್ಚಿಗೆ ಹಾಕಿ. ಎರಡು ಮೂರು ವರ್ಷಕ್ಕೊಮ್ಮೆ ಬುಡ ಎತ್ತಿ, ಒಡೆದು, ಹೊರಗಿನ ಎಳೇ ತುಂಡು ಮಾತ್ರ ಮತ್ತೆ ನೆಡಿ.

ಇನ್ನೊಂದು ಸಣ್ಣ ಅಭ್ಯಾಸ ಮಾಡ್ಕೊಳ್ಳಿ. ಪ್ರತಿ ತಿಂಗಳು 1ನೇ ತಾರೀಖು ಒಂದೇ ಜಾಗದಲ್ಲಿ ನಿಂತು ಒಂದು ಫೋಟೊ ತೆಗೀರಿ. ದಿನಾ ನೋಡೋ ಕಣ್ಣಿಗೆ ಗಿಡ ಹರಡಿದ್ದು ಗೊತ್ತಾಗಲ್ಲ. ನನ್ನ ಹಳೇ ಫೋನಲ್ಲಿ ಹೊಂಡದ ಫೋಟೊಗಳಿದ್ವು. ಆಮೇಲೆ ಸಾಲಾಗಿ ನೋಡಿದಾಗ ಎಲ್ಲಾ ಕಣ್ಣೆದುರಿಗೇ ಇತ್ತು, ನಾನು ಬರೀ ಹೂಗೊಂಚಲು ನೋಡಿದ್ದೆ.

ಈಗಾಗಲೇ ಜೊಂಡು ಬಂದಿದ್ರೆ?

ನೀರಿರೋ ಹೊಂಡದಲ್ಲಿ ಎಳೆದು ಕೀಳಬೇಡಿ, ಹಾಳೆ ಹರಿಯುತ್ತೆ. ಹೊಂಡ ತುಂಬಿರುವಾಗ ಕಡ್ಡಿಗಳನ್ನ ನೀರಿನ ಮಟ್ಟಕ್ಕಿಂತ ಕೆಳಗೆ ಕತ್ತರಿಸಿ. ಒಣ ಕಡ್ಡಿಯನ್ನೂ ಬಿಡಬೇಡಿ, ಅದರಿಂದಲೂ ಬೇರಿಗೆ ಗಾಳಿ ಇಳಿಯುತ್ತೆ. ಗಾಳಿ ದಾರಿ ಪೂರ್ತಿ ಮುಚ್ಚಿದ್ರೆ ಬೇರುಗಡ್ಡೆ ನೀರಡಿ ಉಸಿರುಕಟ್ಟಿ ಕೊಳೆಯುತ್ತೆ. ಹೊಸ ಚಿಗುರು ನೀರಿನ ಮೇಲೆ ಬರೋ ಮುಂಚೆ ಮತ್ತೆ ಕತ್ತರಿಸಬೇಕು. ನಾನು ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ನಾಲ್ಕು ಸಲ ಕತ್ತರಿಸಿದೆ. ಬೀಜ ಹಾರೋ ಮುಂಚೆ ಹೂಗೊಂಚಲು ತೆಗೆಯೋದು ಮರೀಬೇಡಿ. ಔಷಧಿ ಹೊಡೆಯೋ ಅಗತ್ಯ ಬೀಳಲಿಲ್ಲ. ಬೇರು ಸತ್ತ ಮೇಲೆ, ಮುಂದಿನ ಬೇಸಿಗೆಯಲ್ಲಿ ಹಾಳೆಗೆ ತೇಪೆ ಹಾಕಿಸಿದೆ.

ಮಾರಾಟ ಆಗುತ್ತಾ?

ಆಗುತ್ತೆ, ಆದ್ರೆ ಎಕರೆಗಟ್ಟಲೆ ಕನಸು ಬೇಡ. ಛತ್ರಿ ಕಡ್ಡಿಯನ್ನ ಹೂಗುಚ್ಛದಲ್ಲಿ ಹಸಿರು ತುಂಬೋಕೆ ಬಳಸ್ತಾರೆ. ಕುಂಡದ ಗಿಡಕ್ಕೆ ನರ್ಸರಿಗಳಲ್ಲಿ ಕೇಳಿಕೆ ಇದೆ. ಬೆಲೆ ಊರಿಂದ ಊರಿಗೆ ಬೇರೆ. ಮೊದಲು ಹತ್ತಿರದ ಪಟ್ಟಣದ ಇಬ್ಬರು ಹೂಗುಚ್ಛ ಕಟ್ಟೋರನ್ನ, ಒಂದು ನರ್ಸರಿಯನ್ನ ಕೇಳಿ. ಅವರು ವಾರಕ್ಕೆ ಎಷ್ಟು ತಗೋತಾರೋ ಅಷ್ಟಕ್ಕೇ ತೊಟ್ಟಿ ಹೆಚ್ಚಿಸಿ.

ಪಕ್ಕದೂರಿನ ಹುಡುಗ ಹೋದ ಭಾನುವಾರ ನಮ್ಮ ಮನೆಗೆ ಬಂದಿದ್ದ. ಎರಡು ಛತ್ರಿ ಕತ್ತರಿಸಿ, ತಲೆಕೆಳಗಾಗಿ ಡಬ್ಬಿಯಲ್ಲಿ ಹಾಕಿ ಕೊಟ್ಟೆ. ಹೊಂಡದ ಹತ್ತಿರ ಅಲ್ಲ, ಬಚ್ಚಲ ಹಿಂದೆ ಇಡ್ತೀನಿ ಅಂದಿದ್ದಾನೆ. ಅಪ್ಪ ಅಲ್ಲೇ ಜಗಲಿ ಮೇಲೆ ಕೂತಿದ್ರು. "ಮೊದಲು ತೊಟ್ಟಿ ಕಟ್ಟಿಸಪ್ಪ, ಗಿಡ ಎಲ್ಲಿಗೂ ಓಡಿಹೋಗಲ್ಲ" ಅಂದ್ರು. ಆಮೇಲೆ ನನ್ನ ಕಡೆ ನೋಡಿ, "ಓಡೋದೇ ಅದರ ಕೆಲಸ ಅನ್ನು" ಅಂತ ನಕ್ಕರು.